ಜಾವಾದ ಲಿಸ್ಟ್‌ನಲ್ಲಿ ಬರಿಯ ‘ಇಂಟ್’ (ಪೂರ್ಣಾಂಕ) ಇಡಲು ಏಕೆ ಆಗುವುದಿಲ್ಲ?

ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಭಾಷೆಯಲ್ಲಿ ‘ಲಿಸ್ಟ್<ಇಂಟ್>’ ಎಂದು ಬರೆಯಬಹುದು, ಜಾವಾದಲ್ಲಿ ‘ಲಿಸ್ಟ್<ಇಂಟಿಜರ್>’ ಎಂದೇ ಬರೆಯಬೇಕು. ಏಕೆಂದರೆ ಬರೆದ ಕೋಡನ್ನು ಓಡಬಲ್ಲ ರೂಪಕ್ಕೆ ತರುವ ಜಾವಾ ಕಂಪೈಲರ್ ಆ ಚಿಹ್ನೆಗಳ ನಡುವಿನ ಟೈಪನ್ನು ತಪಾಸಣೆಗಷ್ಟೇ ಬಳಸಿಕೊಂಡು ನಂತರ ಅಳಿಸಿಬಿಡುತ್ತದೆ. ಪ್ರೋಗ್ರಾಂ ಓಡುವ ಹೊತ್ತಿಗೆ ಎಲ್ಲ ಲಿಸ್ಟ್‌ಗಳೂ ‘ಆಬ್ಜೆಕ್ಟ್’ಗಳ ಲಿಸ್ಟ್‌ಗಳೇ ಆಗಿರುತ್ತವೆ; 4 ಬೈಟಿನ ಬರಿಯ ‘ಇಂಟ್’ ಆಬ್ಜೆಕ್ಟ್ ಅಲ್ಲವಾದ್ದರಿಂದ ಅದನ್ನು ‘ಇಂಟಿಜರ್’ ಎಂಬ ಪೊಟ್ಟಣದಲ್ಲಿ ಕಟ್ಟಿಯೇ ಒಳಗಿಡಬೇಕಾಗುತ್ತದೆ.

2004ರಲ್ಲಿ ಜಾವಾ 5ಕ್ಕೆ ಜೆನೆರಿಕ್ಸ್, ಅಂದರೆ ಟೈಪನ್ನೇ ಹೊರಗಿನಿಂದ ಕೊಡುವ ಸೌಲಭ್ಯ, ಸೇರಿಸುವಾಗ, ಅದಾಗಲೇ ಕಂಪೈಲ್ ಆಗಿ ಎಲ್ಲೆಡೆ ಹರಡಿದ್ದ ಲೈಬ್ರರಿಗಳು ಮುಟ್ಟದೆಯೇ ಓಡಬೇಕೆಂದು ಈ ದಾರಿ ಹಿಡಿಯಲಾಯಿತು. ಮೈಕ್ರೋಸಾಫ್ಟ್ 2005ರಲ್ಲಿ ಸಿ ಶಾರ್ಪ್ ಓಡುವ ವೇದಿಕೆಯಾದ ಡಾಟ್‌ನೆಟ್‌ನ ರನ್‌ಟೈಮನ್ನೇ, ಅಂದರೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆಯನ್ನೇ, ಬದಲಿಸಿ, ಹಳೆಯ ‘ಅರೇಲಿಸ್ಟ್’ ಪಕ್ಕದಲ್ಲಿ ಹೊಸ ‘ಲಿಸ್ಟ್’ ತಂದಿತು. ಡಾಟ್‌ನೆಟ್‌ಗೆ ಆಗ ಮೂರೇ ವರ್ಷವಾಗಿದ್ದುದರಿಂದ ಇದು ಸುಲಭವೂ ಆಗಿತ್ತೆನ್ನಬೇಕು.

ಪೊಟ್ಟಣದ ಬೆಲೆ ಮೆಮೊರಿಯೊಂದೇ ಅಲ್ಲ. ಜಾವಾದ ಎರಡು ಲಿಸ್ಟ್‌ಗಳಿಂದ ತೆಗೆದ 127ಗಳನ್ನು ‘==’ನಿಂದ ಹೋಲಿಸಿದರೆ ಎರಡೂ ಒಂದೇ ಎನ್ನುತ್ತದೆ, 128ಗಳನ್ನು ಹೋಲಿಸಿದರೆ ಸಾಮಾನ್ಯವಾಗಿ ಬೇರೆ ಬೇರೆ ಎನ್ನುತ್ತದೆ; ಏಕೆಂದರೆ -128ರಿಂದ 127ರವರೆಗಿನ ಪೊಟ್ಟಣಗಳನ್ನಷ್ಟೇ ಅದು ಮೊದಲೇ ಕಟ್ಟಿಟ್ಟು ಮರುಬಳಸುತ್ತದೆ, ಮತ್ತು ಅಲ್ಲಿ ‘==’ ಹೋಲಿಸುವುದು ಪೊಟ್ಟಣವನ್ನೇ ಹೊರತು ಒಳಗಿನ ಸಂಖ್ಯೆಯನ್ನಲ್ಲ. ಅಲ್ಲಿ ‘ಈಕ್ವಲ್ಸ್’ ಬಳಸಿ.