ಮಿಜೋ ಗೆಳತಿಯ ಮದುವೆಗೆ ನಾನು ಪುವಾನ್ ಉಡಬಹುದಾ?

ಮಿಜೋರಾಂನ ಐಜಾಲ್‌ನಲ್ಲಿ ಆಫೀಸಿನ ಗೆಳತಿಯ ಮದುವೆ, ಅವರ ಪುವಾನ್ (ಮಿಜೋಗಳು ಸುತ್ತಿ ಉಡುವ, ಹೊದೆಯುವ ನೇಯ್ದ ಬಟ್ಟೆ) ಉಟ್ಟರೆ ತಪ್ಪಾಗುತ್ತದಾ, ಆನ್‌ಲೈನ್‌ನಲ್ಲಿ ನೋಡಿದ ಬಣ್ಣದ ಪಟ್ಟೆಗಳ ಕಪ್ಪು ಬಟ್ಟೆ ತಗೊಳ್ಳಲಾ ಅಂತ ಕೇಳಿದ್ದೀರಿ. ಖಂಡಿತ ಉಡಿ, ಅವರಿಗೆ ಖುಷಿಯಾಗುತ್ತದೆ. ಆದರೆ ಆ ಕಪ್ಪು ಬಟ್ಟೆ ಬೇಡ. ನೀವು ಹೇಳುವುದನ್ನು ನೋಡಿದರೆ ಅದು ಪುವಾನ್‌ದುಮ್. ಮದುಮಗಳು ಗಂಡನ ಮನೆಗೆ ಅದನ್ನು ಒಯ್ಯುವುದು ಹಳೇ ಪದ್ಧತಿ. ಗಂಡ ತೀರಿಕೊಂಡರೆ ಅವನ ದೇಹಕ್ಕೆ ಹೊದಿಸುವುದು ಅದನ್ನೇ. ಸಾವಿನ ಮನೆಗೆ ಹೋಗುವವರೂ ಅದನ್ನು ಉಡುತ್ತಾರೆ.

ನಿಮಗೆ ಬೇಕಿರುವುದು ಪುವಾನ್‌ಚೇಯ್. ಮದುವೆ, ಚಾಪ್‌ಚಾರ್ ಕುತ್ ಹಬ್ಬ, ಬಿದಿರುಗಳ ನಡುವೆ ಕುಣಿಯುವ ಚೆರಾವ್, ಎಲ್ಲಕ್ಕೂ ಅದೇ. ಈ ಎರಡೂ ಬಟ್ಟೆಗಳಿಗೆ 2019ರಲ್ಲಿ ಜಿಐ (ಇಂಥ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ.

ನನಗೆ ಈ ಬಟ್ಟೆಗಳ ಮೇಲೆ ಇಷ್ಟು ಅಕ್ಕರೆ ಯಾಕೆ ಅಂದರೆ, ಹಿಂದೆ ದುಡ್ಡಿದ್ದವರೆಲ್ಲ ಬೇಕಾದ್ದನ್ನು ಕೊಂಡು ಹೊದೆಯುವ ಹಾಗಿರಲಿಲ್ಲ. ಥಾಂಗ್‌ಛುವಾ ಅನ್ನುವ ಗೌರವಕ್ಕೆ ಊರಿಗೆಲ್ಲ ಔತಣದ ಮೇಲೆ ಔತಣ ಹಾಕಬೇಕಿತ್ತು, ಇಲ್ಲವೇ ದೊಡ್ಡ ಬೇಟೆಗಾರ ಆಗಿರಬೇಕಿತ್ತು. ಆಮೇಲಷ್ಟೇ ಅದಕ್ಕೆಂದೇ ಇದ್ದ ಪುವಾನ್ ಹೆಗಲಿಗೇರುತ್ತಿತ್ತು. ತೋಲ್‌ಲೋಪುವಾನ್ ಯುದ್ಧದಲ್ಲಿ ಹಿಂದೆ ಸರಿಯದ ವೀರನದ್ದು. ಗಡಿಯಾಚೆ ಮ್ಯಾನ್ಮಾರ್‌ನ ಚಿನ್ ರಾಜ್ಯದಲ್ಲಿರುವ ಮಿಜೋಗಳ ಬಂಧುಗಳಲ್ಲೂ ಇದೇ ರೀತಿ. ಅಲ್ಲಿನ ಹಾಖಾ ಕಡೆಯ ರೇಷ್ಮೆ ಹೊದಿಕೆಗಳ ನೇಯ್ಗೆ ಎಷ್ಟು ನಯ ಅಂದರೆ, ನೋಡಿದವರು ಕಸೂತಿ ಅಂದುಕೊಳ್ಳುತ್ತಾರೆ.

ಅದು ಕಸೂತಿ ಅಲ್ಲ, ನೇಯುವಾಗಲೇ ಮೂಡುವ ಚಿತ್ತಾರ. ಹಳೇ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಒಂದು ತುದಿ ಗೋಡೆಗೋ ಕಂಬಕ್ಕೋ ಕಟ್ಟಿರುತ್ತದೆ, ಇನ್ನೊಂದು ತುದಿ ನೇಯುವವಳ ಸೊಂಟದ ಪಟ್ಟಿಗೆ. ನೆಲದ ಮೇಲೆ ಕಾಲು ಚಾಚಿ ಕೂತು, ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಮುಳ್ಳುಹಂದಿಯ ಮುಳ್ಳಿನಿಂದ ಎಳೆಗಳನ್ನು ಎಣಿಸಿ ಎತ್ತುತ್ತಾರೆ. ಆ ಸಂದಿಗೆ ಒಂದೊಂದು ಹೂವಿಗೂ ಬೇರೆ ಬಣ್ಣದ ನೂಲನ್ನು ಕೈಯಲ್ಲೇ ಸೇರಿಸುತ್ತಾರೆ. ಹಾಸು ಎಷ್ಟು ಒತ್ತಾಗಿರುತ್ತದೆ ಅಂದರೆ ಚಿತ್ತಾರದ ನೂಲು ಬಿಟ್ಟರೆ ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ಕಾಣುವುದೇ ಇಲ್ಲ. ಅಗಲ ಕೈಗೆ ಎಟುಕುವಷ್ಟೇ ಬರುವುದರಿಂದ ಎರಡು ತುಂಡು ನೇಯ್ದು ಹೊಲಿಯುತ್ತಾರೆ. ಹಾಗಾಗಿ ಹಳೇ ಪುವಾನ್‌ನ ಮಧ್ಯೆ ಹೊಲಿಗೆ ಕಂಡರೆ ಹರಿದಿತ್ತೇನೋ ಅಂದುಕೊಳ್ಳಬೇಡಿ. ಈಗ ಥೆನ್‌ಜೋಲ್‌ನಂಥ ನೇಕಾರರ ಊರುಗಳಲ್ಲಿ ಚೌಕಟ್ಟಿನ ಮಗ್ಗವೇ ಜಾಸ್ತಿ. ಅದೂ ಕೈಮಗ್ಗವೇ, ಧೈರ್ಯವಾಗಿ ಕೊಳ್ಳಿ.

ಆನ್‌ಲೈನ್ ಬಿಡಿ, ಐಜಾಲ್‌ನ ಬಡಾ ಬಜಾರ್‌ನಲ್ಲಿ ಮುಟ್ಟಿ ನೋಡಿ ತಗೊಳ್ಳಿ. ಬಟ್ಟೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬಣ್ಣ ಬರೀ ಮಸುಕಾಗಿ ಇಳಿದಿದ್ದರೆ ಅದು ಪ್ರಿಂಟ್. ನೇಯ್ದಿದ್ದಾದರೆ ಚಿತ್ತಾರದ ನೂಲುಗಳು ಬೆರಳಿಗೆ ಸಿಗುತ್ತವೆ. ಒಳ್ಳೇ ಪುವಾನ್‌ಚೇಯ್‌ಗೆ ಸಾವಿರಾರು ರೂಪಾಯಿ ಆಗುತ್ತದೆ. ಅದರ ಹಿಂದಿನ ಕೆಲಸ ನೋಡಿದರೆ ಚೌಕಾಸಿ ಮಾಡಲು ಮನಸ್ಸು ಬರಲ್ಲ. ಉಡುವುದು ಸುಲಭ, ಸೊಂಟಕ್ಕೆ ಸುತ್ತಿ ಸಿಕ್ಕಿಸಿದರೆ ಆಯ್ತು. ಮೇಲೆ ಸಾದಾ ಬ್ಲೌಸ್ ಸಾಕು. ಯಾವ ಕಡೆಗೆ ಸಿಕ್ಕಿಸಬೇಕು ಅಂತ ಗೆಳತಿಯ ಅಮ್ಮನನ್ನೇ ಕೇಳಿ, ಅವರೇ ಉಡಿಸಿಕೊಟ್ಟರೂ ಕೊಡಬಹುದು.