ನೋವಿನ ಮಾತ್ರೆ: ಹೆಸರು ಎರಡು, ಗುಂಪು ಒಂದೇ

ಪ್ರಶ್ನೆ: ಡಾಕ್ಟ್ರೇ, ನನಗೆ 63 ವರ್ಷ. ಎರಡೂ ಮಂಡಿ ಸವೆದಿದೆ ಅಂತ ಡೈಕ್ಲೋಫೆನಾಕ್ 50 ಮಿಲಿಗ್ರಾಂ ದಿನಕ್ಕೆ ಎರಡು ಬರೆದುಕೊಟ್ಟಿದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ ಇದೆ, ಜೊತೆಗೆ ಮೂತ್ರ ಹೋಗೋ ಮಾತ್ರೆನೂ ಇದೆ. ನೋವು ತಡೆಯೋಕಾಗದ ದಿನ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತರಿಸಿ ಅದನ್ನೂ ನುಂಗುತ್ತೇನೆ. ಯಾವಾಗಲೂ ಹೊಟ್ಟೆ ತುಂಬಾ ಊಟ ಮಾಡಿಯೇ ತಗೊಳ್ಳೋದು, ಹಾಗಾಗಿ ಏನೂ ಆಗಲ್ಲ ಅಲ್ವಾ?

ಉತ್ತರ: ಆಗುತ್ತಮ್ಮ. ಮೊದಲು ಆ ಐಬುಪ್ರೊಫೆನ್ ಬಿಡಿ, ಉಳಿದದ್ದು ಆಮೇಲೆ ಮಾತಾಡೋಣ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲಾ ಒಂದೇ ಗುಂಪಿನವು. ಎರಡನ್ನು ಒಟ್ಟಿಗೆ ನುಂಗಿದರೆ ನೋವು ಎರಡರಷ್ಟು ಕಡಿಮೆ ಆಗಲ್ಲ, ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಮಾತ್ರ ಜಾಸ್ತಿ ಆಗುತ್ತೆ. ತಲೆನೋವಿಗೆ, ನೆಗಡಿಗೆ ಅಂತ ಸಿಗುವ ಕೆಲವು ಮಾತ್ರೆಗಳಲ್ಲೂ ಇವೇ ಕೂತಿರುತ್ತವೆ. ಅದಕ್ಕೇ ಮುಂದಿರುವ ದೊಡ್ಡ ಹೆಸರು ಬಿಡಿ, ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕಣ್ಣಿಗೆ ಕಾಣದಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ.

ಹಾಗಾದ್ರೆ ನೋವು ತಡೆಯದ ದಿನ ಏನು ಮಾಡಬೇಕು? ಪ್ಯಾರಾಸಿಟಮಾಲ್ ಬೇರೆ ಗುಂಪಿನದು, ಅದನ್ನು ನಡುವೆ ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಆದರೆ ಲೆಕ್ಕ ಇರಲಿ. ಗಟ್ಟಿಮುಟ್ಟಾಗಿರುವ ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆಯೇ. ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತೆ, ಅದನ್ನೂ ಈ ಲೆಕ್ಕಕ್ಕೆ ಹಿಡೀಬೇಕು.

ಇನ್ನು ಊಟದ ವಿಷಯ. ಊಟ ಮಾಡಿ ನುಂಗೋದು ಒಳ್ಳೆಯದೇ, ಉರಿ ಕಡಿಮೆ ಆಗುತ್ತೆ. ಆದರೆ ಹುಣ್ಣನ್ನು ಅದು ತಡೆಯಲ್ಲ. ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಅಂತ ಒಂದು ವಸ್ತು ತಯಾರಾಗುತ್ತೆ. ಕೀಲಿನಲ್ಲಿ ಊತ, ನೋವು ತರೋದೂ ಅದೇ, ಹೊಟ್ಟೆಯ ಒಳಪದರವನ್ನು ಆ್ಯಸಿಡ್‌ನಿಂದ ಕಾಯೋದೂ ಅದೇ. ಮಾತ್ರೆ ರಕ್ತಕ್ಕೆ ಸೇರಿ ಎರಡು ಕಡೆನೂ ಅದನ್ನು ಕಡಿಮೆ ಮಾಡುತ್ತೆ. ಇಂಜೆಕ್ಷನ್ ತಗೊಂಡವರಿಗೂ ಹೊಟ್ಟೆಹುಣ್ಣು ಆಗೋದು ಇದಕ್ಕೇ. ನಿಮ್ಮ ವಯಸ್ಸಿಗೆ ಜೊತೆಯಲ್ಲಿ ಆ್ಯಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಬೇಕಾಗಬಹುದು, ಕೇಳಿ ಬರೆಸಿಕೊಳ್ಳಿ. ಅದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು. ಉರಿ ಬಂದಾಗ ಕುಡಿಯುವ ಗುಲಾಬಿ ಬಣ್ಣದ ಸಿರಪ್ ಇದಕ್ಕೆ ಬದಲಿ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಆದದ್ದು ಹೊಟ್ಟೆಯದ್ದಲ್ಲ, ಕಿಡ್ನಿಯದ್ದು. ಟೆಲ್ಮಿಸಾರ್ಟನ್, ಮೂತ್ರ ಹೋಗೋ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಸೇರಿದಾಗ ಕಿಡ್ನಿಯ ಒಳಗಿನ ರಕ್ತದ ಒತ್ತಡ ಮೂರು ಕಡೆಯಿಂದ ತಗ್ಗುತ್ತೆ. ಮೂತ್ರದ ಮಾತ್ರೆ ಮೈಯ ನೀರನ್ನು ಇಳಿಸುತ್ತೆ, ನೋವಿನ ಮಾತ್ರೆ ಕಿಡ್ನಿಗೆ ಬರುವ ರಕ್ತನಾಳವನ್ನು ಬಿಗಿ ಮಾಡುತ್ತೆ, ಬಿಪಿ ಮಾತ್ರೆ ಹೊರಗೆ ಹೋಗುವ ನಾಳವನ್ನು ಸಡಿಲಿಸುತ್ತೆ. ಚೆನ್ನಾಗಿರುವ ದಿನ ಕಿಡ್ನಿ ಹೇಗೋ ಸುಧಾರಿಸಿಕೊಳ್ಳುತ್ತೆ, ವಾಂತಿ-ಭೇದಿ ಶುರುವಾಗಿ ಮೈಯಲ್ಲಿ ನೀರು ಇಳಿದ ದಿನ ಕೈಕೊಡುತ್ತೆ. ಅಂಥ ದಿನ ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಏಕೆಂದರೆ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತೆ.

ಮಂಡಿ ನೋಡಿದವರು ಒಬ್ಬರು, ಬಿಪಿ ನೋಡುವವರು ಇನ್ನೊಬ್ಬರು ಅನಿಸುತ್ತೆ. ಇಬ್ಬರಿಗೂ ನೀವು ನುಂಗುವ ಎಲ್ಲಾ ಸ್ಟ್ರಿಪ್‌ಗಳನ್ನು ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು. ಕಿಡ್ನಿ ಹೇಗಿದೆ ಅಂತ ನೋಡೋಕೆ ಕ್ರಿಯಾಟಿನಿನ್, ಪೊಟ್ಯಾಷಿಯಂ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಮಾತ್ರೆ ಬದಲು ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ಸಾಕಾ ಅಂತಲೂ ಕೇಳಿ. ಜೆಲ್ ರಕ್ತಕ್ಕೆ ಸೇರೋದು ತುಂಬಾ ಕಡಿಮೆ, ಮಂಡಿ ಸವೆತಕ್ಕೆ ಕೆಲಸವನ್ನೂ ಮಾಡುತ್ತೆ. ಯಾಕೋ ಜನಕ್ಕೆ ಹಚ್ಚುವ ಔಷಧಿ ಮೇಲೆ ನಂಬಿಕೆಯೇ ಇಲ್ಲ.

ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ, ಎದೆನೋವು ಬಂದರೆ ನೋವಿನ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಲು ಊದಿಕೊಂಡರೆ, ಮೂತ್ರ ಕಡಿಮೆಯಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ನನ್ನ ಅಣ್ಣನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ದಿನಾ ಆಸ್ಪಿರಿನ್ ತಗೊಳ್ತಾನೆ. ಈಗ ಸಂಧಿವಾತಕ್ಕೆ ಎಟೋರಿಕಾಕ್ಸಿಬ್ ಕೊಟ್ಟಿದ್ದಾರೆ. ಇದು ಹೊಟ್ಟೆಗೆ ಒಳ್ಳೇದು ಅಂತಾರಲ್ಲ?

ಉತ್ತರ: ಹೊಟ್ಟೆಗೆ ಸ್ವಲ್ಪ ವಾಸಿ, ನಿಜ. ಆದರೆ ಜೊತೆಗೆ ಆಸ್ಪಿರಿನ್ ಇದ್ದರೆ ಆ ಲಾಭದಲ್ಲಿ ಬಹುಪಾಲು ಹೋಗಿಬಿಡುತ್ತೆ. ದೊಡ್ಡ ತೊಂದರೆ ಹೃದಯದ್ದು. ಇದೇ ಜಾತಿಯ ರೋಫೆಕಾಕ್ಸಿಬ್ ಅನ್ನೋ ಮಾತ್ರೆಯನ್ನು 2004ರಲ್ಲಿ ಮಾರುಕಟ್ಟೆಯಿಂದಲೇ ವಾಪಸ್ ತಗೊಂಡರು, ಹೃದಯಾಘಾತ ಮತ್ತು ಪಾರ್ಶ್ವವಾಯು ಜಾಸ್ತಿ ಆಗುತ್ತೆ ಅಂತ ಗೊತ್ತಾಗಿ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಎಟೋರಿಕಾಕ್ಸಿಬ್ ಸಲ್ಲದು. ಬರೆದುಕೊಟ್ಟವರಿಗೆ ಸ್ಟೆಂಟ್ ವಿಷಯ ಗೊತ್ತಿತ್ತಾ? ಇವತ್ತೇ ಫೋನ್ ಮಾಡಿ ಹೇಳಿ, ಅಲ್ಲಿಯವರೆಗೆ ಮುಂದಿನ ಮಾತ್ರೆ ಬೇಡ. ಆಸ್ಪಿರಿನ್ ಮಾತ್ರ ಡಾಕ್ಟರನ್ನು ಕೇಳದೆ ಯಾವ ಕಾರಣಕ್ಕೂ ನಿಲ್ಲಿಸಬಾರದು. ಎಟೋರಿಕಾಕ್ಸಿಬ್ ಬದಲಿಗೆ ಅಂತ ಸುಮ್ನೆ ಐಬುಪ್ರೊಫೆನ್ ತರಬೇಡಿ, ಅದು ಆಸ್ಪಿರಿನ್ ಮಾಡುವ ಕೆಲಸಕ್ಕೇ ಅಡ್ಡ ಬರುತ್ತೆ.

ಪ್ರಶ್ನೆ: ಅಮ್ಮನಿಗೆ ದೊಡ್ಡ ಮಾತ್ರೆ ನುಂಗೋಕಾಗಲ್ಲ, ಪುಡಿ ಮಾಡಿ ಕೊಡಬಹುದಾ?

ಉತ್ತರ: ಹೆಸರಿನ ಮುಂದೆ ಎಸ್‌ಆರ್ ಅಂತ ಇದ್ದರೆ ಬೇಡ. ದಿನವಿಡೀ ನಿಧಾನಕ್ಕೆ ಬಿಡಬೇಕಾದ ಔಷಧಿ ಒಂದೇ ಸಲ ಒಳಗೆ ಬಿಡುಗಡೆ ಆಗಿಬಿಡುತ್ತೆ. ಹೊಟ್ಟೆಯಲ್ಲಿ ಕರಗದಂತೆ ಲೇಪ ಕೊಟ್ಟ ಮಾತ್ರೆಯನ್ನೂ ಪುಡಿ ಮಾಡಬಾರದು. ನುಂಗೋಕೆ ಕಷ್ಟ ಅಂತ ಡಾಕ್ಟರಿಗೆ ಹೇಳಿದರೆ ಬೇರೆ ರೂಪದ್ದು ಬರೆದುಕೊಡುತ್ತಾರೆ. ಅಮ್ಮನಿಗೆ ಮಾತ್ರೆ ಕೊಡುವಾಗ ನೆಟ್ಟಗೆ ಕೂರಿಸಿ, ಒಂದು ಲೋಟ ತುಂಬಾ ನೀರು ಕುಡಿಸಿ, ತಕ್ಷಣ ಮಲಗೋಕೆ ಬಿಡಬೇಡಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟ ಹಾಗೆ ಗಾಯ ಆಗುತ್ತೆ.