ಮನೆತನದಲ್ಲಿ ಇಲ್ಲದ ರೋಗ ಮಗುವಿಗೆ ಬಂದದ್ದು ಹೇಗೆ?

ಪ್ರಶ್ನೆ: ನಮ್ಮ ಎಂಟು ತಿಂಗಳ ಮಗ ಚಮಚ ಬಿದ್ದ ಸದ್ದಿಗೂ ಬೆಚ್ಚಿಬೀಳುತ್ತಾನೆ, ಕೂರಲು ಕಲಿತಿದ್ದವನು ಈಗ ಕತ್ತನ್ನೂ ನಿಲ್ಲಿಸುತ್ತಿಲ್ಲ. ಕಣ್ಣು ನೋಡಿದ ವೈದ್ಯರು ಟೇ-ಸ್ಯಾಕ್ಸ್ ರೋಗವಿರಬಹುದು ಎಂದಿದ್ದಾರೆ. ಎರಡೂ ಮನೆತನಗಳಲ್ಲಿ ಯಾರಿಗೂ ಇಲ್ಲದ್ದು ಇವನಿಗೆ ಹೇಗೆ ಬಂತು? ಮುಂದಿನ ಮಗುವಿಗೂ ಬರಬಹುದೇ?

ಉತ್ತರ: ತಲೆಮಾರುಗಳವರೆಗೆ ಯಾರಲ್ಲೂ ಕಾಣಿಸಿಕೊಳ್ಳದೆ ಸಾಗಿಬರುವುದೇ ಈ ರೋಗದ ರೀತಿ. 15ನೇ ವರ್ಣತಂತುವಿನಲ್ಲಿರುವ ಜೀನ್ ಒಂದರ ದೋಷಯುಕ್ತ ಪ್ರತಿ ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದಾಗ ಮಾತ್ರ ಮಗುವಿನಲ್ಲಿ ಹೆಕ್ಸೋಸಮಿನಿಡೇಸ್-ಎ ಎಂಬ ಕಿಣ್ವ ಕೆಲಸ ಮಾಡದೆ, ಅದು ಒಡೆಯಬೇಕಿದ್ದ ಕೊಬ್ಬಿನಂಥ ವಸ್ತು ನರಕೋಶಗಳಲ್ಲಿ ತುಂಬಿಕೊಂಡು ಅವುಗಳನ್ನು ನಾಶಮಾಡುತ್ತದೆ. ನಿಮ್ಮ ವೈದ್ಯರು ಮಗನ ಕಣ್ಣಿನಲ್ಲಿ ಕಂಡಿರಬಹುದಾದ, ಈ ರೋಗದ ಗುರುತಾದ ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪದರದ) ನಡುವಿನ ಚೆರ್ರಿ ಬಣ್ಣದ ಚುಕ್ಕೆಯನ್ನು ಬ್ರಿಟನ್ನಿನ ವೈದ್ಯ ವಾರೆನ್ ಟೇ 1881ರಲ್ಲೇ ವರ್ಣಿಸಿದ್ದರು. ಆದರೆ ಅದು ಬೇರೆ ಕೆಲವು ರೋಗಗಳಲ್ಲೂ ಕಾಣುವುದರಿಂದ, ರಕ್ತದಲ್ಲಿ ಕಿಣ್ವದ ಮಟ್ಟವನ್ನು ಅಳೆಯದೆ ತೀರ್ಮಾನಕ್ಕೆ ಬರಬಾರದು. ರೋಗ ಖಚಿತವಾದರೆ ಅದನ್ನು ಗುಣಪಡಿಸುವ ಚಿಕಿತ್ಸೆ ಇಲ್ಲವೆಂಬುದನ್ನು ಮುಚ್ಚಿಡಲಾರೆ. ಫಿಟ್ಸ್ ಹತೋಟಿಯಲ್ಲಿಡುವುದು, ನುಂಗಲಾಗದಿದ್ದಾಗ ನಳಿಕೆಯಿಂದ ಆಹಾರ ಕೊಡುವುದು ಇವೇ ಸಾಧ್ಯ. ಮುಂದಿನ ಪ್ರತಿಯೊಂದು ಗರ್ಭದಲ್ಲೂ ರೋಗ ಮರುಕಳಿಸುವ ಸಾಧ್ಯತೆ ಶೇ. 25, ಒಂದು ಮಗುವಿಗೆ ಬಂದಾಯಿತು, ಇನ್ನು ಮೂವರು ಸುರಕ್ಷಿತ ಎಂಬ ಲೆಕ್ಕ ತಪ್ಪು. ಗರ್ಭದ 10ರಿಂದ 13ನೇ ವಾರದೊಳಗೆ ಮಾಸಿನ ಅಂಶ ತೆಗೆದು ಪರೀಕ್ಷಿಸಬಹುದು, ಅದಕ್ಕಾಗಿ ಮಗನ ಜೀನ್ ಪರೀಕ್ಷೆಯನ್ನು ಈಗಲೇ ಮಾಡಿಸಿ ವರದಿಯನ್ನು ಜೋಪಾನವಾಗಿಟ್ಟುಕೊಳ್ಳಿ.